ಮಂಗಳವಾರದ ಅಮ್ಮೆ

ಬೋವಿಕಾನದ ಪೇಟೆಯಲ್ಲಿ ಗುಣಪಾಲನ ಸಲೂನಿಗೆ ಹೆಂಗಸೊಬ್ಬಳು ಕಾಲಿಟ್ಟದ್ದು ಒಂದೇ ಒಂದು ಸಲ. ಅದೂ ಎಂಥ ಹೆಂಗಸು ಅಂತೀರಿ! ಬಾಗಿಲಿನ ಪಟ್ಟಿಗೆ ಹಣೆ ಬಡಿಯುವಷ್ಟು ಎತ್ತರದ, ಹಳದಿ ಕೂದಲಿನ ಬಿಳಿ ಹುಡುಗಿ. ಸೊಂಟಕ್ಕೆ ಲುಂಗಿ, ಮೇಲೊಂದು ಗಂಡಸರ ಅಂಗಿ. ಮುಖಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಕೂಸಪ್ಪ ಕನ್ನಡಿಯಲ್ಲಿ ಅವಳನ್ನು ಕಂಡವನೇ ಅರ್ಧ ಗಡ್ಡದಲ್ಲೇ ಎದ್ದು ನಿಂತ. ಪಕ್ಕದ ಫ್ಯಾನ್ಸಿ ಅಂಗಡಿಯ ಸಮದ್ ಬಳೆ ಆರಿಸುತ್ತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಓಡಿ ಬಂದ. ಎದುರಿನ ಆಟೋದವರು ಬಾಡಿಗೆ ಮರೆತು ಇತ್ತ ನೋಡತೊಡಗಿದರು.

ಹುಡುಗಿ ಯಾರನ್ನೂ ಲೆಕ್ಕಕ್ಕಿಡಲಿಲ್ಲ. ಕುರ್ಚಿಯಲ್ಲಿ ಕೂತು, ಜಡೆ ಬಿಚ್ಚಿ, ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದಳು. ಶಾರ್ಜಾದ ಸಲೂನುಗಳಲ್ಲಿ ಪ್ರಾಯವನ್ನೆಲ್ಲ ಕಳೆದು ಬಂದವನಾದ್ದರಿಂದ ಗುಣಪಾಲನಿಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು. ಬಾಚಣಿಗೆ ಹಾಕಿದ ಕೂಡಲೇ ಅವನಿಗೆ ಸಂಗತಿ ತಿಳಿಯಿತು. ತಲೆ ತುಂಬ ಹೇನು.

‘ಎಲ್ಲಿಂದ ಹಿಡಿಸಿಕೊಂಡಿರಿ ಇಷ್ಟು?’ ಎಂದ.

‘ಮಕ್ಕಳಿಂದ,’ ಎಂದು ಹುಡುಗಿ ನಕ್ಕಳು.

ಜರ್ಮನಿಯವಳಂತೆ. ಓದು ಮುಗಿಸಿ, ಕೆಲಸಕ್ಕೆ ಸೇರುವ ಮೊದಲು ಸ್ವಲ್ಪ ಕಾಲ ಸೇವೆ ಮಾಡೋಣವೆಂದು ಬಂದವಳು. ಪೇಟೆಯಿಂದ ಒಳಗೆ, ಗೇರುತೋಟ ದಾಟಿದ ಗುಡ್ಡೆಯ ಮೇಲೆ, ಕ್ರೈಸ್ತ ಸನ್ಯಾಸಿನಿಯರು ನಡೆಸುವ ಅನಾಥಾಲಯವೊಂದಿತ್ತು. ಅಲ್ಲಿ ಉಳಿದುಕೊಂಡಿದ್ದಳು. ಒಂದು ಮಗು ಮಡಿಲಲ್ಲಿ ಕೂತರೆ ಇನ್ನೊಂದು ಹೆಗಲೇರುತ್ತಿತ್ತು, ಹೇನು ಹತ್ತದೆ ಇರುತ್ತದೆಯೇ? ಕೂದಲು ಕತ್ತರಿಸಿಕೊಂಡು, ತಲೆ ಸವರಿ ನೋಡಿ, ಬಾಗಿಲವರೆಗೆ ಹೋದವಳು ತಿರುಗಿ ಬಂದು ಕೇಳಿದಳು: ‘ಅಲ್ಲಿ ಇನ್ನೂ ಬೇಕಾದಷ್ಟು ತಲೆಗಳಿವೆ. ಒಂದು ದಿನ ಬರಬಹುದಾ?’

‘ಮಂಗಳವಾರ ಅಂಗಡಿಗೆ ರಜೆ. ಬರ್ತೇನೆ,’ ಎಂದುಬಿಟ್ಟ ಗುಣಪಾಲ. ಇದು 2010ನೇ ಇಸವಿಯ ಮಾತು.

ಅವಳು ಅತ್ತ ಹೋದದ್ದೇ ತಡ, ಸಮದ್ ಶುರು ಮಾಡಿದ. ‘ಎಂತ ಮಾರಾಯ, ಬಿಳಿ ಹುಡುಗಿ ಕರೆದದ್ದೇ ಕರೆದದ್ದು, ಮಂಗಳವಾರ ಕತ್ತರಿ ಮುಟ್ಟುವುದಿಲ್ಲ ಅಂತಿದ್ದವನ ನೇಮ ಎಲ್ಲಿಗೆ ಹೋಯ್ತು?’

‘ಅವರು ಕ್ರಿಶ್ಚಿಯನ್ನರಲ್ಲವಾ. ಅವರಿಗೆ ಮಂಗಳವಾರದ ದೋಷ ಇಲ್ಲ.’

‘ಕತ್ತರಿ ನಿನ್ನದಲ್ಲವಾ?’

ಗುಣಪಾಲ ಕೂಸಪ್ಪನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಉಳಿದ ಗಡ್ಡಕ್ಕೆ ನೊರೆ ಹಚ್ಚತೊಡಗಿದ. ನಿಜ ಹೇಳಬೇಕೆಂದರೆ, ವಾರದಲ್ಲಿ ಗುಣಪಾಲನಿಗೆ ಆಗದ ದಿನವೆಂದರೆ ಈ ಮಂಗಳವಾರವೇ. ಮುಳ್ಳೇರಿಯದ ಕಡೆಯ ತುಳು ಮನೆತನದವನು. ಮೀಸೆ ಚಿಗುರುವ ಹೊತ್ತಿಗೆ ಗಲ್ಫಿಗೆ ಹೋದ. ಪ್ರತಿ ರಜೆಯಲ್ಲೂ ಒಬ್ಬ ತಂಗಿಯ ಮದುವೆ, ಇಲ್ಲವೇ ಇನ್ನೊಬ್ಬಳ ಬಾಣಂತನ. ಅವನ ಮದುವೆ ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎಂದು ಹೋಗಿ ಹೋಗಿ, ಕೊನೆಗೆ ಊರಿಗೆ ಬಂದು ಇಳಿದಾಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ತಂಗಿಯರು ಗಂಡಂದಿರ ಮನೆಗಳಲ್ಲಿ ಸುಖವಾಗಿದ್ದರು. ಇವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು ಇದ್ದ. ಇಡೀ ದಿನ ಊರವರ ತಲೆ ಮುಟ್ಟುವ ಕೆಲಸ, ಅವನ ತಲೆ ಮುಟ್ಟುವವರಿಲ್ಲ. ಕೂದಲು ಕತ್ತರಿಸಿಕೊಳ್ಳಲು ಬಸ್ಸು ಹತ್ತಿ ಮುಳ್ಳೇರಿಯಕ್ಕೆ ಹೋಗುತ್ತಿದ್ದ. ಅಲ್ಲಿನ ವಾಸಪ್ಪನ ಕೈ ತಲೆಯ ಮೇಲೆ ಬಿದ್ದರೆ ಸಾಕು, ನಿದ್ದೆ ಬರುತ್ತಿತ್ತು. ಕೂದಲು ಬೆಳೆಯುವ ಮೊದಲೇ ಮತ್ತೆ ಹೋಗಿ ಕೂರುತ್ತಿದ್ದದ್ದೂ ಉಂಟು. ಒಂಟಿತನ ಎಂಬ ದೊಡ್ಡ ಮಾತನ್ನು ಅವನು ಎಂದೂ ಆಡಿದವನಲ್ಲ. ‘ಬೇಜಾರು ಮಾರಾಯ’ ಎನ್ನುತ್ತಿದ್ದ. ಅಂಗಡಿ ಮುಚ್ಚಿದ ಮಂಗಳವಾರ ಆ ಬೇಜಾರು ಬೆಳಿಗ್ಗೆಯೇ ಬಂದು ಕೂತುಬಿಡುತ್ತಿತ್ತು.

ಹಾಗೆ ಅವನು ಗುಡ್ಡೆ ಹತ್ತಿದ.

ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಸರಿಯಾಗಿ ಜಗಲಿಯಲ್ಲಿ ಒಂದು ಮರದ ಸ್ಟೂಲು ಹಾಕಿ ಕೂತ. ಬಂದ ತಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಸನ್ಯಾಸಿನಿಯರು ತಾವೇ ಕತ್ತರಿ ಹಿಡಿದು ಹುಡುಗ, ಹುಡುಗಿ ಎನ್ನದೆ ಎಲ್ಲರ ಕೂದಲನ್ನೂ ಒಂದೇ ಸಮ ಮೋಟಾಗಿ ಕತ್ತರಿಸಿದ್ದರು. ಅವರನ್ನು ಬೈದು ಫಲವಿಲ್ಲ. ಅಷ್ಟು ಮಕ್ಕಳ ತಲೆ ಬಾಚಲು ಕೈಗಳೂ ಇರಲಿಲ್ಲ, ಹಚ್ಚಲು ಎಣ್ಣೆಯೂ ಇರಲಿಲ್ಲ. ಹಿಂದೊಮ್ಮೆ ಹೊರದೇಶದ ಪಾದ್ರಿಗಳು ಕಟ್ಟಿಸಿದ ಮನೆ ಅದು. ಅವರು ತೀರಿಹೋದ ಮೇಲೆ ನೆರವು ಬರುವುದು ನಿಂತಿತ್ತು. ಹಂಚು ಒಡೆದ ಕಡೆ ಪ್ಲಾಸ್ಟಿಕ್ ಹೊದೆಸಿದ್ದರು. ಮಧ್ಯಾಹ್ನ ಗಂಜಿ ಇದ್ದರೆ ರಾತ್ರಿಗೂ ಅದೇ ಗಂಜಿ, ಜೊತೆಗೆ ಗುಡ್ಡೆಯಲ್ಲೇ ಬೆಳೆದ ಮರಗೆಣಸು. ಈಗ ಬರುತ್ತಿದ್ದದ್ದು ಹಣವಲ್ಲ, ಈ ಜರ್ಮನಿಯ ಹುಡುಗಿಯಂಥವರು ಮಾತ್ರ. ಬಂದು ಹಾಡು ಕಲಿಸಿ, ಚೆಂಡಾಡಿ, ಫೋಟೋ ತೆಗೆದು ಹೋಗುತ್ತಿದ್ದರು.

ಆ ಹುಡುಗಿಯೂ ಕ್ರಿಸ್‌ಮಸ್ ಮುಗಿಸಿ ಹೋದಳು. ಹೋಗುವ ದಿನ ಗೇಟಿನ ಬಳಿ ಚಿಕ್ಕ ಮಕ್ಕಳು ಅವಳ ಕಾಲು ಹಿಡಿದು ಬೊಬ್ಬಿಟ್ಟವು. ದೊಡ್ಡವು ಗೇಟಿಗೇ ಬರಲಿಲ್ಲ. ಬಾವಿಕಟ್ಟೆಯ ಹತ್ತಿರ ಗೋಲಿ ಆಡುತ್ತಿದ್ದವು. ಅವು ಇಂಥವರನ್ನು ಎಷ್ಟೋ ಮಂದಿ ಕಂಡಿದ್ದವು. ಗುಣಪಾಲನಿಗೆ ಚಿಕ್ಕವುಗಳ ಅಳುವಿಗಿಂತ ದೊಡ್ಡವುಗಳ ಆ ಗೋಲಿಯಾಟ ನೋಡಿ ಸಂಕಟವಾಯಿತು. ಮುಂದಿನ ಮಂಗಳವಾರ ಯಾರೂ ಕರೆಯದೆಯೇ ಹೋದ. ಅದರ ಮುಂದಿನ ಮಂಗಳವಾರವೂ ಹೋದ. ಕತ್ತರಿಸಲು ಕೂದಲಿಲ್ಲದ ವಾರ ಉಗುರು ತೆಗೆದ, ಹೇನು ಹೆಕ್ಕಿದ, ಹುಡುಗಿಯರ ಕೂದಲು ಬೆಳೆಯಲಿ ಎಂದು ಹಟ ಹಿಡಿದು ತಾನೇ ಎಣ್ಣೆ ತಂದ. ಅಲ್ಲಿನ ಹಿರಿಯ ಸನ್ಯಾಸಿನಿ ಸಿಸ್ಟರ್ ತ್ರೇಸ್ಯಾ ಮಲಯಾಳಂ ಬೆರೆತ ಕನ್ನಡದಲ್ಲಿ ‘ಗುಣಪಾಲಾ, ನೀನು ನಮ್ಮ ಸನ್ಯಾಸಿನಿಯರ ಸಭೆಗೇ ಸೇರಿಬಿಡು’ ಎಂದು ತಮಾಷೆ ಮಾಡುತ್ತಿದ್ದರು.

ಮರುವರ್ಷ ಅನ್ನಕುಟ್ಟಿ ಬಂದಳು. ರೈಲ್ವೆ ಸ್ಟೇಶನ್ನಿನ ಬೆಂಚಿನ ಮೇಲೆ ಮಲಗಿದ್ದ ಮಗುವನ್ನು ಪೊಲೀಸರು ತಂದು ಒಪ್ಪಿಸಿದ್ದರು. ಇನ್ನೂ ಸರಿಯಾಗಿ ಮಾತು ಬಾರದ ಪ್ರಾಯ. ಯಾರ ಮಗು, ಯಾವ ಜಾತಿ, ಯಾವ ಊರು, ಒಂದೂ ಗೊತ್ತಿಲ್ಲ. ಹೆಸರಿಟ್ಟವರೂ ಸಿಸ್ಟರ್ ತ್ರೇಸ್ಯಾರೇ. ಕತ್ತರಿ ಕಂಡರೆ ಕಿರುಚುತ್ತಿದ್ದಳು. ಗುಣಪಾಲ ಅವಳನ್ನು ಮೊಣಕಾಲ ಮೇಲೆ ಕೂರಿಸಿ, ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿ, ಅದು ಹಕ್ಕಿ, ಮಾತಾಡುತ್ತದೆ ಎಂದು ನಂಬಿಸಿದ. ಕೆಲವೇ ತಿಂಗಳಲ್ಲಿ ಅವಳು ಮಂಗಳವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಗೇಟಿನ ಕಂಬಿ ಹಿಡಿದು ನಿಲ್ಲತೊಡಗಿದಳು. ಅವನು ಗೇಟು ತೆರೆಯುತ್ತಿದ್ದಂತೆ ಓಡಿ ಬಂದು, ಅವನು ಎತ್ತಿಕೊಂಡ ಕೂಡಲೇ ಅವನ ತಲೆಗೂದಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಅಷ್ಟು ವರ್ಷಗಳಲ್ಲಿ, ವಾಸಪ್ಪನನ್ನು ಬಿಟ್ಟರೆ ಅವನ ತಲೆ ಮುಟ್ಟಿದ್ದು ಅವಳೊಬ್ಬಳೇ.

ಅವಳು ಅವನನ್ನು ಏನೆಂದು ಕರೆಯಬೇಕು? ಇದು ಸಣ್ಣ ಪ್ರಶ್ನೆಯಲ್ಲ. ಆ ಮನೆಯಲ್ಲಿ ಸಂಬಂಧದ ಶಬ್ದಗಳನ್ನೆಲ್ಲ ಸಂಬಂಧ ಬಿಟ್ಟು ಬಂದವರೇ ಹಂಚಿಕೊಂಡಿದ್ದರು, ನೋಡಿ! ಸನ್ಯಾಸಿನಿಯರು ಸಿಸ್ಟರ್, ಅವರ ಮೇಲಿನವರು ಮದರ್, ತಿಂಗಳಿಗೊಮ್ಮೆ ಪೂಜೆಗೆ ಬರುವವರು ಅಚ್ಚನ್. ಮಲಯಾಳದಲ್ಲಿ ಪಾದ್ರಿಯೂ ಅಚ್ಚನ್, ಹೆತ್ತ ಅಪ್ಪನೂ ಅಚ್ಚನ್. ಹಾಗಾಗಿ ಆ ಶಬ್ದ ಖಾಲಿ ಇರಲಿಲ್ಲ. ಒಂದು ದಿನ ಅವಳು ‘ನೀವು ಯಾರು?’ ಎಂದು ಮುಖ ಮೇಲೆತ್ತಿ ಕೇಳಿದಾಗ ಗುಣಪಾಲನ ಬಾಯಿಯಿಂದ, ಅವನು ಯೋಚಿಸುವ ಮೊದಲೇ, ‘ಅಮ್ಮೆ’ ಎಂಬ ಮಾತು ಬಂದುಬಿಟ್ಟಿತು.

ತುಳು ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ. ಅಮ್ಮನಿಗೆ ಅಪ್ಪೆ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಹೇಳಿದರೆ ತಮಾಷೆ ಮಾಡುತ್ತೀರಾ ಎಂದು ಕೇಳುತ್ತಾರೆ. ಏನು ಮಾಡುವುದು, ಭಾಷೆ ಇರುವುದೇ ಹಾಗೆ. ಗುಣಪಾಲ ತನ್ನ ಅಪ್ಪನನ್ನು ಕರೆದದ್ದು ಅಮ್ಮೆ ಎಂದೇ. ಆದರೆ ಮಲಯಾಳದ ಕಿವಿಗೆ ‘ಅಮ್ಮೇ’ ಎಂದರೆ ಹೆತ್ತ ತಾಯಿಯನ್ನು ಕೂಗುವ ಕೂಗು. ಮುಂದಿನ ವಾರ ಅನ್ನಕುಟ್ಟಿ ಗೇಟಿನಿಂದ ‘ಅಮ್ಮೇ...’ ಎಂದು ಕೂಗುತ್ತ, ಆ ಗಡಸು ಮೀಸೆಯ ಗಂಡಸಿನ ಮೇಲೆ ಬಂದು ಬಿದ್ದಾಗ ಸಿಸ್ಟರ್ ತ್ರೇಸ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡಿಗೆಯ ವೆಂಕಟಲಕ್ಷ್ಮಿ ಸೌಟು ಹಿಡಿದೇ ಹೊರಗೆ ಬಂದು, ‘ಯಬ್ಬ, ಗುಣಪಾಲಣ್ಣ ಹೆತ್ತದ್ದು ಯಾವಾಗ?’ ಎಂದು ಕೇಳಿದಳು. ಗುಣಪಾಲನೂ ನಕ್ಕ. ಅಂದು ಗುಡ್ಡೆ ಇಳಿಯುವಾಗ ಮಾತ್ರ ದಾರಿಯಲ್ಲಿ ಎದುರಾದವರ ಗುರುತು ಅವನಿಗೆ ಸಿಗಲಿಲ್ಲ, ಕಣ್ಣು ಅಷ್ಟು ಮಂಜಾಗಿತ್ತು.

ಅವಳನ್ನು ಮನೆಗೆ ಕರೆತರಬೇಕು ಎಂಬುದು ಆಮೇಲೆ ಅವನ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಸಿಸ್ಟರ್ ತ್ರೇಸ್ಯಾರನ್ನು ಕೇಳಿದ. ಅವರು ‘ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಕೊಡ್ಲಿಕ್ಕೆ ಕಾನೂನು ಬಿಡುವುದಿಲ್ಲ ಗುಣಪಾಲಾ. ನನ್ನ ಕೈಯಲ್ಲಿ ಇದ್ದಿದ್ದರೆ ಈಗಲೇ ಕೊಡ್ತಿದ್ದೆ,’ ಎಂದರು.

‘ಹಾಗಾದ್ರೆ ಮದುವೆ ಆಗು ಮಾರಾಯ, ಅಷ್ಟೇ ಅಲ್ವಾ!’ ಎಂದ ಸಮದ್. ಅವನೇ ಮುಂದೆ ನಿಂತು, ಮಧೂರಿನ ಕಡೆ ಒಂದು ಸಂಬಂಧ ಗೊತ್ತು ಮಾಡಿಸಿದ. ಗುಣಪಾಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿ ಕೂತ. ಎಲ್ಲವೂ ಸರಿಯಾಗಿಯೇ ನಡೆದಿತ್ತು. ಹೆಣ್ಣಿನ ಅಣ್ಣ ಮಾತಿಗೆ ಮಾತು ಬಂದು ‘ನಿಮಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಕೇಳಿದ್ದೇವೆ’ ಎಂದಾಗ ಈ ಮಹಾಶಯ, ‘ಯಾರೂ ಇಲ್ಲದೆ ಎಂತ? ನನಗೆ ಒಬ್ಬಳು ಮಗಳುಂಟು!’ ಎಂದುಬಿಟ್ಟ. ಮದುವೆಯೇ ಆಗದವನಿಗೆ ಮಗಳು! ಕಾಫಿ ಲೋಟ ಹಿಡಿದು ಬಂದವರು ಹಾಗೆಯೇ ಒಳಗೆ ಹೋದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಸುದ್ದಿ ಊರಲ್ಲಿ ಹರಡಿದ ಮೇಲೆ ಬೇರೆ ಸಂಬಂಧಗಳೂ ಮುಗಿದವು. ಸಮದ್ ತಿಂಗಳುಗಟ್ಟಲೆ ಅದನ್ನು ಹೇಳಿಕೊಂಡು ನಗುತ್ತಿದ್ದ. ಗುಣಪಾಲನಿಗೆ ಮಾತ್ರ ತಾನು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂಬುದು ಕೊನೆಗೂ ತಿಳಿಯಲಿಲ್ಲ.

ಹಾಗೇ ವರ್ಷಗಳು ಹೋದವು. ಅನ್ನಕುಟ್ಟಿ ಗುಡ್ಡೆಯ ಕೆಳಗಿನ ಶಾಲೆಗೆ ಸೇರಿದಳು. ಅವಳ ಕೂದಲು ಭುಜ ಮುಟ್ಟಿತು. ಮಂಗಳವಾರ ಎರಡು ಜಡೆ ಹೆಣೆಯುವುದೇ ಗುಣಪಾಲನ ಕೆಲಸವಾಯಿತು. ಗಂಡಸರ ಕೂದಲು ಮಾತ್ರ ಕತ್ತರಿಸಿ ಗೊತ್ತಿದ್ದ ಕೈ ಜಡೆ ಹೆಣೆಯುವುದನ್ನು ಸಮದನ ಅಂಗಡಿಯ ಗೊಂಬೆಯ ತಲೆಯ ಮೇಲೆ ಕಲಿತಿತ್ತು.

ಇಷ್ಟರಲ್ಲಿ ಕಾಲ ತಿರುಗಿತು. ಅನಾಥಾಲಯಗಳಿಗೆ ಹೊಸ ಕಾನೂನು ಬಂತು. ಸಿಸ್ಟರ್ ತ್ರೇಸ್ಯಾರಿಗೆ ದೂರದ ಊರಿಗೆ ವರ್ಗವಾಯಿತು. ಅವರ ಜಾಗಕ್ಕೆ ತೆಂಕಣ ಕೇರಳದಿಂದ ಎಳೆಪ್ರಾಯದ ಸಿಸ್ಟರ್ ಒಬ್ಬರು ಬಂದರು. ಒಳ್ಳೆಯವರೇ, ಆದರೆ ಎಲ್ಲವೂ ಕ್ರಮದಲ್ಲಿ ಇರಬೇಕು ಎನ್ನುವವರು. ತುಳು ಅಂತ ಒಂದು ಭಾಷೆ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಹೊರಗಿನ ಗಂಡಸರು ಮಕ್ಕಳನ್ನು ಎತ್ತಿಕೊಳ್ಳಬಾರದು, ಮಕ್ಕಳು ಅವರನ್ನು ಅಂಕಲ್ ಎಂದೇ ಕರೆಯಬೇಕು ಎಂದು ಕಟ್ಟಪ್ಪಣೆ ಮಾಡಿದರು. ಅನ್ನಕುಟ್ಟಿ ಎಲ್ಲರ ಎದುರು ಅಂಕಲ್ ಎಂದಳು. ಜಡೆ ಹೆಣೆಯುವಾಗ, ಯಾರೂ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪಿಸುದನಿಯಲ್ಲಿ ಅಮ್ಮೆ ಎಂದಳು. ವೆಂಕಟಲಕ್ಷ್ಮಿಗೂ ಅಷ್ಟರಲ್ಲಿ ಮಂಡಿನೋವು ಬಂದು ಅವಳು ಕೆಲಸ ಬಿಟ್ಟು ಮಗನ ಮನೆ ಸೇರಿದ್ದಳು. ಹಾಗಾಗಿ ಈ ಗುಟ್ಟು ಗೊತ್ತಿದ್ದವರು ಗುಡ್ಡೆಯ ಮೇಲೆ ಇವರಿಬ್ಬರೇ ಉಳಿದರು.

ಒಂದು ದಿನ ಜಿಲ್ಲಾ ಕೇಂದ್ರದ ಕಚೇರಿಯಿಂದ ಒಬ್ಬರು ಮೇಡಂ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದರು. ಯಾರೂ ಇಲ್ಲದ ಮಕ್ಕಳನ್ನು ದತ್ತು ಕೊಡುವುದು, ಅಪ್ಪನೋ ಅಮ್ಮನೋ ಇರುವವರನ್ನು ಅಲ್ಲೇ ಹಾಸ್ಟೆಲಿನ ಹಾಗೆ ಉಳಿಸಿಕೊಳ್ಳುವುದು, ಹೀಗೆ ಅವರ ತೀರ್ಮಾನ. ಅನ್ನಕುಟ್ಟಿಗೆ ಆಗಲೇ ಒಂದು ಮನೆ ಸಿದ್ಧವಿತ್ತು. ಪಾಲಕ್ಕಾಡಿನ ಕಡೆಯ ಟೀಚರು ದಂಪತಿ, ಮಕ್ಕಳಿಲ್ಲ, ಇವಳ ಪ್ರಾಯದ ಹುಡುಗಿಯೇ ಬೇಕೆಂದು ವರ್ಷಗಟ್ಟಲೆ ಕಾದವರು. ಮೇಡಂ ಅವಳನ್ನು ಹತ್ತಿರ ಕೂರಿಸಿಕೊಂಡು, ಮಲಯಾಳದಲ್ಲಿ ಮಗಳೇ ಎಂದು ಕರೆದು ಕೇಳಿದರು: ‘ಮೋಳೇ, ನಿನಗೆ ಯಾರಿದ್ದಾರೆ?’

‘ನನಗೆ ಅಮ್ಮೆ ಉಂಟು.’

ಮೇಡಂ ಬೆಚ್ಚಿಬಿದ್ದರು. ‘ಅಮ್ಮನಾ? ಎಲ್ಲಿದ್ದಾರೆ?’

‘ಬೋವಿಕಾನದಲ್ಲಿ. ಮಂಗಳವಾರ ಮಂಗಳವಾರ ಬರ್ತಾರೆ. ಜಡೆ ಹಾಕ್ತಾರೆ. ಸಿಸ್ಟರಿಗೆ ಹೇಳ್ಬೇಡಿ.’

ಮುಗಿಯಿತಲ್ಲ! ತಾಯಿ ಜೀವಂತ ಇದ್ದಾಳೆ, ಬೋವಿಕಾನದಲ್ಲೇ ಇದ್ದಾಳೆ, ಕದ್ದು ಬಂದು ಮಗಳಿಗೆ ಜಡೆ ಹೆಣೆದು ಹೋಗುತ್ತಾಳೆ. ಇಂಥ ಮಗುವನ್ನು ಯಾರಿಗಾದರೂ ದತ್ತು ಕೊಡಲಾಗುತ್ತದೆಯೇ? ಪಾಲಕ್ಕಾಡಿನವರಿಗೆ ಸದ್ಯ ಕಾಯಿರಿ ಎಂದು ಹೇಳಿಯಾಯಿತು. ತಾಯಿಯನ್ನು ಹುಡುಕಿ ಎಂದು ಹೊಸ ಸಿಸ್ಟರಿಗೆ ಹೇಳಿಯಾಯಿತು. ಸಿಸ್ಟರ್ ಯಾರನ್ನು ಕೇಳಬೇಕು? ಬೋವಿಕಾನದವನೆಂದರೆ ಅವರಿಗೆ ಗೊತ್ತಿದ್ದದ್ದು ಒಬ್ಬನೇ. ಮಂಗಳವಾರ ಬಂದು ಜಡೆ ಹೆಣೆಯುವವನೂ ಅವನೇ ಎಂಬುದು, ಹೆಂಗಸನ್ನು ಹುಡುಕುತ್ತಿದ್ದ ಅವರಿಗೆ ಹೊಳೆಯಲಿಲ್ಲ. ಗುಣಪಾಲ ಜಗಲಿಯಲ್ಲಿ ಕತ್ತರಿಗೆ ಎಣ್ಣೆ ಬಿಡುತ್ತಿದ್ದಾಗ ಬಂದು, ನಡೆದದ್ದನ್ನೆಲ್ಲ ಮಲಯಾಳದಲ್ಲಿ ವಿವರಿಸಿ, ‘ನಿಮ್ಮ ಪೇಟೆಯವಳೇ ಅಂತೆ. ಯಾರು ಆ ಹೆಂಗಸು? ಸ್ವಲ್ಪ ವಿಚಾರಿಸ್ತೀರಾ?’ ಎಂದು ಕೇಳಿದರು.

ಗುಣಪಾಲನಿಗೆ ಒಮ್ಮೆ ನಗು ಬಂತು. ಮರುಕ್ಷಣ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದ. ಇವನು ಬಾಯಿ ಬಿಡದಿದ್ದರೆ ಅವಳು ಇಲ್ಲೇ ಇರುತ್ತಾಳೆ. ಮಂಗಳವಾರಗಳು ಇರುತ್ತವೆ. ಬಾಯಿ ಬಿಟ್ಟರೆ ಅವಳು ಪಾಲಕ್ಕಾಡಿಗೆ ಹೋಗುತ್ತಾಳೆ.

‘ವಿಚಾರಿಸ್ತೇನೆ ಸಿಸ್ಟರ್,’ ಎಂದ.

ಆ ದಿನ ಸಮದ್ ಅಂಗಡಿ ಮುಚ್ಚುವ ಹೊತ್ತಿಗೆ ಅವನ ಎದುರು ಎಲ್ಲವನ್ನೂ ಬಿಚ್ಚಿಟ್ಟ. ಸಮದ್ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ‘ಮೀಸೆ ಇರುವ ಹೆಂಗಸು ಬೋವಿಕಾನದಲ್ಲಿ ಯಾರಪ್ಪಾ!’ ಎಂದ. ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ.

‘ನೀನು ಸುಳ್ಳು ಹೇಳಿದ್ದಲ್ಲ. ಹುಡುಗಿಯೂ ಸುಳ್ಳು ಹೇಳಿದ್ದಲ್ಲ. ಅವರಿಗೆ ತುಳು ಬಾರದ್ದು ನಿನ್ನ ತಪ್ಪಾ? ಸುಮ್ಮನೆ ಕೂತುಬಿಡು.’

‘ಕೂತುಬಿಡ್ಲಾ?’

‘ನನ್ನನ್ನು ಕೇಳ್ಬೇಡ. ನಾನು ಮನೆಗೆ ಹೋದ್ರೆ ಮೂರು ಮಕ್ಕಳು ಮೈಮೇಲೆ ಹತ್ತುತ್ತವೆ. ನಾನು ಎಂತ ಹೇಳಿದ್ರೂ ಅದು ಸುಲಭದ ಮಾತು ಆಗ್ತದೆ.’ ಸಮದ್ ಶಟರ್ ಎಳೆಯುತ್ತ ಹೇಳಿದ.

ಗುಣಪಾಲ ಸುಮ್ಮನೆ ಕೂತ. ಸಿಸ್ಟರ್ ಕೇಳಿದಾಗಲೆಲ್ಲ ‘ಗೊತ್ತಾಗಲಿಲ್ಲ’ ಎಂದ. ಆ ಮಳೆಗಾಲ ಪೂರ್ತಿ ಹಾಗೆ ಹೋಯಿತು. ಅನಾಥಾಲಯದಿಂದ ಒಂದೊಂದೇ ಮಗು ಹೊಸ ಮನೆ ಸೇರುತ್ತಿತ್ತು. ಮಳೆ ನಿಲ್ಲುವ ಹೊತ್ತಿಗೆ ಅನ್ನಕುಟ್ಟಿಯ ಜೊತೆಗೆ ಮಲಗುತ್ತಿದ್ದವರು, ಜಗಳವಾಡುತ್ತಿದ್ದವರು ಎಲ್ಲ ಖಾಲಿಯಾದರು. ಉಳಿದವರು ದೊಡ್ಡ ಹುಡುಗಿಯರು. ಅವರು ಇವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಒಂದು ಮಂಗಳವಾರ ಗುಣಪಾಲ ಗುಡ್ಡೆ ಹತ್ತಿದಾಗ ಅವಳು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಳು. ಶಾಲೆಗೆ ಹೋಗಿರಲಿಲ್ಲ. ಹಬ್ಬದ ಫ್ರಾಕು ತೊಟ್ಟಿದ್ದಳು. ಪಕ್ಕದಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಅವಳ ಎರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು.

‘ಇದೆಂತ ಮೋಳೇ?’

‘ಹೋಗುವ,’ ಎಂದಳು. ಎದ್ದು ನಿಂತು ಅವನ ಕೈ ಹಿಡಿದಳು. ‘ಆ ಮೇಡಂ ಹೇಳಿದ್ರು, ನಿನ್ನ ಅಮ್ಮೆ ಬಂದು ಕರ್ಕೊಂಡು ಹೋಗ್ಬೇಕು ಅಂತ. ನಾನು ಹೋದ ವಾರವೂ ಬಟ್ಟೆ ಕಟ್ಟಿಟ್ಟಿದ್ದೆ. ನೀವು ಹೇಳಲೇ ಇಲ್ಲ. ಅದರ ಹಿಂದಿನ ವಾರವೂ ಹೇಳಲಿಲ್ಲ. ಇವತ್ತು ಹೋಗುವ.’

ಗುಣಪಾಲ ಮೆಟ್ಟಿಲ ಮೇಲೆ ಕೂತ. ಅವಳು ತನ್ನನ್ನು ಕಾಯುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು, ಎಷ್ಟೋ ವರ್ಷಗಳಿಂದ ಅದೇ ಅವನ ಸಂತೋಷವಾಗಿತ್ತು. ಅವಳು ಕಾಯುತ್ತಿದ್ದದ್ದು ಜಡೆಗಲ್ಲ, ಮನೆಗೆ ಎಂಬುದು ಈಗ ತಿಳಿಯಿತು. ಕೊಡಲಾಗದ ಮನೆಯ ಆಸೆ ತೋರಿಸಿ ಅವಳನ್ನು ಇಲ್ಲಿ ಕಟ್ಟಿಹಾಕಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂದು ಅವನು ಜಡೆ ಹೆಣೆಯಲಿಲ್ಲ. ನೇರ ಒಳಗೆ ಹೋಗಿ ಸಿಸ್ಟರಿಗೆ, ‘ಆ ಹೆಂಗಸು ಸಿಕ್ಕಿದಳು. ಕಚೇರಿಗೆ ನಾನೇ ಕರ್ಕೊಂಡು ಬರ್ತೇನೆ,’ ಎಂದ.

ಕಚೇರಿಯಲ್ಲಿ ಮೇಡಂ, ಇನ್ನಿಬ್ಬರು, ಬಾಗಿಲಲ್ಲಿ ಒಬ್ಬ ಜವಾನ. ಗೋಡೆಯ ಪಕ್ಕದ ಬೆಂಚಿನಲ್ಲಿ ಸಿಸ್ಟರ್, ಅವರ ಪಕ್ಕದಲ್ಲಿ ಕಾಲು ಆಡಿಸುತ್ತ ಅನ್ನಕುಟ್ಟಿ. ಗುಣಪಾಲನ ಹಿಂದೆ ಯಾರಾದರೂ ಬರುತ್ತಾರೋ ಎಂದು ಎಲ್ಲರೂ ಬಾಗಿಲ ಕಡೆ ನೋಡಿದರು.

‘ಎಲ್ಲಿ ಆಕೆ?’ ಎಂದರು ಮೇಡಂ.

‘ಅವಳು ಹೇಳಿದ ಅಮ್ಮೆ ನಾನೇ,’ ಎಂದ ಗುಣಪಾಲ.

ಜವಾನ ಫಕ್ಕನೆ ನಕ್ಕ. ಮೇಡಂ ಗುಣಪಾಲನ ಮೀಸೆ ನೋಡಿದರು, ಸಿಸ್ಟರಿನ ಮುಖ ನೋಡಿದರು. ಗುಣಪಾಲ ನಿಂತಲ್ಲೇ ಬೆವರುತ್ತ, ತುಳುವಿನಲ್ಲಿ ಅಮ್ಮೆ ಎಂದರೆ ಯಾರು, ಅಪ್ಪೆ ಎಂದರೆ ಯಾರು ಎಂದು ಹೇಳಿದ. ಕೂತಿದ್ದವರಲ್ಲಿ ಒಬ್ಬರು ಮಂಜೇಶ್ವರದ ಕಡೆಯವರು, ‘ಹೌದೌದು, ಅದು ಹಾಗೆಯೇ’ ಎಂದು ತಲೆಯಾಡಿಸಿದರು. ಎಲ್ಲರ ಮುಖದಲ್ಲೂ ನಗು ಹರಡಿತು. ಮೇಡಂ ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಮುಂದೆ ಬಾಗಿದರು.

‘ಹಾಗಾದರೆ ನೀವು ಈ ಮಗುವಿನ ಅಪ್ಪನಾ?’

ಬೆಂಚಿನ ಕೆಳಗೆ ಆಡುತ್ತಿದ್ದ ಕಾಲು ನಿಂತಿತು. ಗುಣಪಾಲ ಆ ಕಡೆ ನೋಡಬಾರದು ಎಂದುಕೊಂಡೇ ಬಂದಿದ್ದ. ಆದರೂ ನೋಡಿದ. ಅವಳು ಬಾಯಿ ಸ್ವಲ್ಪ ತೆರೆದುಕೊಂಡು, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಟೀಚರು ಬೇರೆಯವರಿಗೆ ಕೇಳಿದಾಗ ಮಕ್ಕಳು ನೋ‌ಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು.

‘ಅಲ್ಲ,’ ಎಂದ ಗುಣಪಾಲ.

‘ಸಂಬಂಧಿಕರಾ?’

‘ಅಲ್ಲ.’

‘ಮತ್ತೆ ಯಾರು ನೀವು?’

‘ಕೂದಲು ಕತ್ತರಿಸುವವ.’

ಅನ್ನಕುಟ್ಟಿ ಅಳಲಿಲ್ಲ. ಬೊಬ್ಬಿಟ್ಟಿದ್ದರೆ ಗುಣಪಾಲ ಬದುಕಿಕೊಳ್ಳುತ್ತಿದ್ದನೇನೋ. ಅವಳು ತಲೆ ತಗ್ಗಿಸಿ ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೊರಡುವಾಗ ಸಿಸ್ಟರ್ ‘ಅಂಕಲಿಗೆ ಟಾಟಾ ಮಾಡು’ ಎಂದಾಗ ಕೈಯೆತ್ತಿ ಟಾಟಾ ಮಾಡಿದಳು.

ಆಮೇಲಿನ ಮಂಗಳವಾರಗಳಲ್ಲಿ ಅವಳು ಗೇಟಿಗೆ ಬರಲಿಲ್ಲ. ಜಡೆಗೆ ಕರೆದರೆ ಬಂದು ಕೂರುತ್ತಿದ್ದಳು, ಮುಗಿದ ಕೂಡಲೇ ಎದ್ದು ಹೋಗುತ್ತಿದ್ದಳು. ಗುಣಪಾಲ ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಅಂದು ಹೇಳಿದ್ದು ಕಾನೂನಿನ ಮಾತು ಮಗಳೇ, ಮನಸ್ಸಿನದ್ದಲ್ಲ ಎನ್ನಬೇಕೆಂದಿದ್ದ. ಎಂಟು ವರ್ಷದ ಹುಡುಗಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳುವುದು? ಬಾಚಣಿಗೆ ಆಡಿಸಿ, ಜಡೆ ಹೆಣೆದು ಬಿಡುತ್ತಿದ್ದ.

ಪಾಲಕ್ಕಾಡಿನವರು ಎರಡು ಸಲ ಬಂದು ಅವಳ ಜೊತೆ ಇದ್ದು ಹೋದರು. ಕರೆದುಕೊಂಡು ಹೋಗಲು ಬಂದದ್ದು ಒಂದು ಮಂಗಳವಾರವೇ. ಗಂಡ ಕಾರಿನ ಹತ್ತಿರ ಸಿಸ್ಟರ್ ಜೊತೆ ಮಾತಾಡುತ್ತಿದ್ದ. ಹೆಂಡತಿ ತೆಳ್ಳಗಿನ, ಮೆಲುಮಾತಿನ ಹೆಂಗಸು. ಗುಣಪಾಲನ ಬಳಿಗೆ ಬಂದು, ‘ನೀವಲ್ಲವಾ ಇವಳ ಕೂದಲು ನೋಡಿಕೊಂಡದ್ದು? ಎಷ್ಟು ಚೆಂದ ಬೆಳೆಸಿದ್ದೀರಿ,’ ಎಂದು ಕೈಮುಗಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಒಳ್ಳೆಯವಳು ಎಂದು ಗುಣಪಾಲನಿಗೆ ಕಂಡಿತು. ಒಳ್ಳೆಯವಳೆಂದು ಕಂಡದ್ದರಿಂದ ಎದೆ ಇನ್ನಷ್ಟು ಭಾರವಾಯಿತು. ಅವನು ತಿರುಗಿ ಸ್ಟೂಲನ್ನು ಜಗಲಿಯ ಮೂಲೆಗೆ ಎತ್ತಿಡತೊಡಗಿದ. ಆ ಹೆಂಗಸು ಚೀಲ ತರಲು ಕಾರಿನತ್ತ ಹೋದಳು.

‘ಅಮ್ಮೇ!’

ಹಿಂದಿನಿಂದ ಬಂತು ಕೂಗು. ಅದೇ ದನಿ, ಅದೇ ಎಳೆತ, ಗೇಟಿನ ಕಂಬಿ ಹಿಡಿದು ಕೂಗುತ್ತಿದ್ದ ಹಾಗೆಯೇ.

‘ಓ...’ ಎಂದು ಗುಣಪಾಲ ತಿರುಗಿದ. ಸ್ಟೂಲು ಕೈಯಿಂದ ಬಿತ್ತು.

ಅನ್ನಕುಟ್ಟಿ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಕಣ್ಣು ಕಾರಿನ ಕಡೆಗಿತ್ತು. ಇವನು ಓಗೊಟ್ಟದ್ದು ಕೇಳಿ ಇತ್ತ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡವರ ತಪ್ಪು ತಿದ್ದುವಾಗ ಮಕ್ಕಳು ಮಾತಾಡುವ ಮೆಲುದನಿಯಲ್ಲಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

‘ನಿಮ್ಮನ್ನಲ್ಲ.’